ಬಿಲ್ಲನ ತಾಯಿಯ ಮನೆಯ ಮೇಲಿನ ಕಪ್ಪು

ಶೆಫೀಲ್ಡ್ ನಗರದಲ್ಲಿ ಮನೆಯವರಲ್ಲದ ವ್ಯಕ್ತಿಯೊಬ್ಬರು ನನ್ನೊಡನೆ ಆಡಿದ ಮೊತ್ತಮೊದಲ ವಾಕ್ಯದಲ್ಲಿ ನನ್ನ ಕಿವಿಗೆ ದಕ್ಕಿದ್ದು ಎರಡೇ ಶಬ್ದ: ಒಂದು ‘ಕಪ್ಪು’, ಇನ್ನೊಂದು ‘ತಾಯಿ’. ನಾನು ಬಂದ ವಾರವದು. ಮುಂಜಾನೆಯ ಲಿಂಗಪೂಜೆ ಮುಗಿಸಿ, ತೊಳೆದ ಧೋತರವನ್ನು ಮನೆಯ ಹಿಂದಿನ ಸಣ್ಣ ಹಿತ್ತಿಲಿನ ಹಗ್ಗದ ಮೇಲೆ ಹರವುತ್ತಿದ್ದೆ. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಮರದ ಬೇಲಿಯ ಆಚೆ ನಿಂತಿದ್ದ ನೆರೆಮನೆಯ ವೃದ್ಧೆ ನನ್ನ ಹಣೆಯನ್ನು ನೋಡಿದರು, ಧೋತರವನ್ನು ನೋಡಿದರು, ಆಮೇಲೆ ನನ್ನ ಹೆಗಲ ಮೇಲಿಂದ ದೂರಕ್ಕೆ ದೃಷ್ಟಿ ಹಾಯಿಸಿ, ಒಂದೇ ಉಸಿರಿನಲ್ಲಿ ‘ಇಟ್ಸ್‌ಬ್ಲ್ಯಾಕೋವರ್‌ಬಿಲ್ಸ್‌ಮುದರ್ಸ್, ಲವ್’ ಎಂದರು. ಕೊನೆಯಲ್ಲಿ ಬಂದ ಆ ‘ಲವ್’ ಎಂಬುದನ್ನು ನನ್ನ ವಯಸ್ಸಿನವನಿಗೆ ಯಾರೂ ಅನ್ನಬಾರದು ಎಂದುಕೊಂಡು ಅದನ್ನು ಕೇಳಿಸಿಕೊಳ್ಳದವನಂತೆ ಬಿಟ್ಟುಬಿಟ್ಟೆ. ಆದರೆ ‘ಬ್ಲ್ಯಾಕ್’ ಎಂಬುದನ್ನು ಬಿಡಲಾಗಲಿಲ್ಲ. ನನ್ನ ಬಣ್ಣವನ್ನು ಕುರಿತು, ನನ್ನ ಹಡೆದವ್ವನನ್ನು ಸೇರಿಸಿ, ಈಕೆ ಏನೋ ಅಂದರು ಎಂದು ನಿಶ್ಚಯಿಸಿ, ಕೈಯಲ್ಲಿದ್ದ ಬಟ್ಟೆಯ ಚಿಮುಟಿಗೆಯನ್ನು ಅಲ್ಲೇ ಇಟ್ಟು ಒಳಗೆ ಬಂದೆ. ಸ್ವಲ್ಪ ಹೊತ್ತಿಗೆ ಮಳೆ ಬಂದು ಧೋತರವೆಲ್ಲ ತೊಯ್ದುಹೋಯಿತು. ಅದರ ಬಗ್ಗೆ ನನಗೆ ಬೇಸರವಾಗಲಿಲ್ಲ. ಇಂಥ ಬೇಲಿಯ ಪಕ್ಕದಲ್ಲಿ ಇನ್ನು ದಿನ ಕಳೆಯಬೇಕಲ್ಲ ಎಂಬುದೇ ಬೇಸರವಾಗಿತ್ತು.

ಗದಗ ಸೀಮೆಯ ಒಂದು ಮಠದ ಪಾಠಶಾಲೆಯಲ್ಲಿ ನಾನು ಸಂಸ್ಕೃತವನ್ನೂ ಹಳಗನ್ನಡವನ್ನೂ ಕಲಿಸಿದವನು. ಅಕ್ಷರಕ್ಕೆ ಹುಟ್ಟುವ ಸ್ಥಾನವುಂಟು, ಅದಕ್ಕೆ ತಗಲುವ ಪ್ರಯತ್ನವುಂಟು, ಇವೆರಡೂ ತಪ್ಪಿದರೆ ಅರ್ಥವೇ ಬೇರೆಯಾಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುತ್ತ ತಲೆ ನರೆಸಿಕೊಂಡೆ. ಮಗಳು ಗಿರಿಜಾ ಇಲ್ಲಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ವೃದ್ಧರ ವಿಭಾಗದ ವೈದ್ಯೆ. ಅಳಿಯ ವೀರೇಶ ಇಂಜಿನಿಯರು, ದಿನವೂ ರೈಲಿನಲ್ಲಿ ಸ್ಟಾಕ್‌ಪೋರ್ಟಿಗೆ ಹೋಗಿಬರುತ್ತಾರೆ. ಮೊಮ್ಮಗಳು ಸಿರಿಗೆ ನಮ್ಮ ಮಾತೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಆ ಇಂಗ್ಲಿಷ್ ಕೂಡ ಗೆಳತಿಯರ ಎದುರು ಒಂದು ಬಗೆ, ತಾಯಿಯ ಎದುರು ಇನ್ನೊಂದು ಬಗೆ. ಈ ಭೇದವನ್ನು ನಾನು ಬಂದ ಹೊಸತರಲ್ಲೇ ಗಮನಿಸಿದ್ದೆ. ಅದರ ಅರ್ಥ ತಿಳಿಯಲು ಚಳಿಗಾಲ ಬರಬೇಕಾಯಿತು.

ಹೊರಡುವ ಮುನ್ನ ಮಗಳು ಫೋನಿನಲ್ಲಿ, ನಮ್ಮದು ಟೆರೇಸ್ ಮನೆ ಎಂದಿದ್ದಳು. ನಮ್ಮಲ್ಲಿ ಟೆರೇಸ್ ಎಂದರೆ ಮಾಳಿಗೆ. ಹಪ್ಪಳ ಶಂಡಿಗೆ ಒಣಹಾಕಲು, ಸಂಜೆ ಕಂಬಳಿ ಹಾಸಿ ಕೂಡಲು ಅನುಕೂಲವಾಯಿತೆಂದು ನಾನು ಸಂತೋಷಪಟ್ಟಿದ್ದೆ. ಇಲ್ಲಿ ಬಂದು ನೋಡಿದರೆ ಟೆರೇಸ್ ಎಂದರೆ ಒಂದಕ್ಕೊಂದು ಅಂಟಿಕೊಂಡು, ಏರುರಸ್ತೆಯ ಉದ್ದಕ್ಕೂ ಸಾಲಾಗಿ ನಿಂತ ಇಟ್ಟಿಗೆಯ ಮನೆಗಳು. ಮೇಲೆ ಇಳಿಜಾರು ಮಾಡು, ಪಕ್ಕದಲ್ಲಿ ನೆರೆಯವರೊಡನೆ ಹಂಚಿಕೊಂಡ ಗೋಡೆ. ಊರಿನಲ್ಲಿ ನನ್ನ ಪೂಜೆಯ ಗಂಟೆ ಓಣಿಗೆಲ್ಲ ಕೇಳುತ್ತಿತ್ತು, ಅದನ್ನು ಕೇಳಿ ಹಾಲಿನವನು ಹೊತ್ತು ತಿಳಿಯುತ್ತಿದ್ದ. ಇಲ್ಲಿ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ ಬಾರಿಸುವಂತಾಯಿತು. ಗೋಡೆಯ ಆಚೆ ಅದೇ ವೃದ್ಧೆ ಇದ್ದರು. ಇಂದಲ್ಲ ನಾಳೆ ಆಕೆ ನನ್ನ ಗಂಟೆಯ ಮೇಲೆ ದೂರು ಕೊಡುತ್ತಾರೆ ಎಂದು ನಾನು ಕಾಯುತ್ತಲೇ ಇದ್ದೆ. ಊರಿನಿಂದ ತಂದ ಬಿಲ್ವಪತ್ರೆಯನ್ನು ತೊಳೆದು ತೊಳೆದು ಮತ್ತೆ ಏರಿಸುತ್ತಿದ್ದೆ. ಬಿಲ್ವಕ್ಕೆ ಹಾಗೆ ಮಾಡಲು ಶಾಸ್ತ್ರದ ಅನುಮತಿಯುಂಟು. ಪರದೇಶದಲ್ಲಿ ಆ ಅನುಮತಿ ಎಷ್ಟು ದೊಡ್ಡ ಕರುಣೆಯೆಂದು ಇಲ್ಲಿಗೆ ಬಂದಮೇಲೆ ತಿಳಿಯಿತು.

ಇಂಗ್ಲಿಷ್ ನನಗೆ ಹೊಸದಲ್ಲ. ಪುಸ್ತಕದಿಂದ ಕಲಿತೆ, ವ್ಯಾಕರಣ ತಪ್ಪದಂತೆ ಕಲಿತೆ. ನಮ್ಮ ಕಡೆ ನಾಲ್ಕು ವಾಕ್ಯ ಇಂಗ್ಲಿಷ್ ಆಡಿದವನಿಗೆ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ. ಇಲ್ಲಿ ಅದೇ ವಾಕ್ಯಕ್ಕೆ ‘ಸಾರಿ?’ ಎಂಬ ಒಂದು ಪ್ರಶ್ನೆ ಸಿಗುತ್ತದೆ. ಕ್ಷಮಿಸಿ ಎಂಬ ಅರ್ಥದ ಆ ಮಾತನ್ನು ಇವರು ಹುಬ್ಬು ಮೇಲಕ್ಕೆತ್ತಿ ಅಂದರೆ ನಿಮ್ಮ ಮಾತು ತಿಳಿಯಲಿಲ್ಲ ಎಂದಾಗುತ್ತದೆ. ಕೆಲವರು ನಿಜವಾಗಿ ತಿಳಿಯದೆ ಹಾಗೆ ಕೇಳುತ್ತಾರೆ. ಕೆಲವರು ನಾನು ಬಾಯಿ ತೆರೆಯುವ ಮೊದಲೇ ಹುಬ್ಬು ಏರಿಸಿಕೊಂಡು ನಿಂತಿರುತ್ತಾರೆ. ಔಷಧದ ಅಂಗಡಿಯ ತರುಣಿಯೊಬ್ಬಳು ನಿಮ್ಮ ಇಂಗ್ಲಿಷ್ ಬಹಳ ಚೆನ್ನಾಗಿದೆ ಎಂದು ಹೊಗಳಿದಳು. ನನ್ನ ಹಿಂದೆ ಸಾಲಿನಲ್ಲಿ ನಿಂತ ತನ್ನವರಲ್ಲಿ ಯಾರಿಗೂ ಹಾಗೆ ಹೇಳಲಿಲ್ಲ. ಹೊಗಳಿಕೆಯನ್ನು ಮನೆಯವರೆಗೂ ಹೊತ್ತು ತಂದು, ಬಿಚ್ಚಿ ನೋಡಿ, ಒಳಗೆ ಏನಿದೆಯೋ ತಿಳಿಯದೆ ಪಕ್ಕಕ್ಕಿಟ್ಟೆ.

ಇವರ ಬಾಯಿಯಾದರೂ ಪುಸ್ತಕದಂತಿದೆಯೇ ಎಂದರೆ ಅದೂ ಇಲ್ಲ. ಈ ಸೀಮೆಯಲ್ಲಿ ಬಸ್ಸು ‘ಬುಸ್’, ಮದರ್ ‘ಮುದರ್’. ಅಕಾರವಿರಬೇಕಾದಲ್ಲಿ ಉಕಾರ, ಹಕಾರ ಇರಬೇಕಾದಲ್ಲಿ ಬರಿಯ ಗಾಳಿಯೂ ಇಲ್ಲ. ಟಿವಿಯಲ್ಲಿ ವಾರ್ತೆ ಓದುವವರ ಇಂಗ್ಲಿಷಿಗೂ ಓಣಿಯ ಇಂಗ್ಲಿಷಿಗೂ ಇರುವ ಅಂತರ ಮಠದ ಪ್ರವಚನಕ್ಕೂ ಸಂತೆಯ ಕೂಗಿಗೂ ಇರುವಷ್ಟು. ಒಮ್ಮೆ ಲೀಡ್ಸಿನಲ್ಲಿ ನಡೆದ ಕನ್ನಡಿಗರ ಕೂಟಕ್ಕೆ ಹೋದಾಗ ಈ ಸಂಗತಿಯನ್ನು ಹೇಳಿ, ‘ನಮಗ ತಿಳಿಯಂಗಿಲ್ಲರೀ’ ಎಂದೆ. ಎದುರಿಗಿದ್ದ ಮೈಸೂರು ಕಡೆಯ ಗೃಹಸ್ಥರು ನಕ್ಕು, ನಿಮ್ಮ ಕಡೆಯ ಮಾತು ಕೇಳೋದಕ್ಕೆ ಮಜಾ, ಸಿನಿಮಾದ ಹಾಸ್ಯದ ಹಾಗಿರುತ್ತೆ ಎಂದರು. ನಾನು ವಿಷಯ ಹೇಳಿದ್ದೆ, ಅವರು ರಾಗ ಕೇಳಿದ್ದರು. ಅಲ್ಲಿಂದ ಮುಂದೆ ಆ ಕೂಟದಲ್ಲಿ ಗ್ರಾಂಥಿಕವನ್ನೇ ಆಡತೊಡಗಿದೆ. ಆಗ ಎಲ್ಲರೂ ಗಂಭೀರವಾಗಿ ತಲೆದೂಗಿದರು.

ನೆರೆಮನೆಯ ವೃದ್ಧೆಯ ಹೆಸರು ಡೊರೀನ್. ನಮ್ಮ ಕಡೆಯ ರೂಢಿಯಂತೆ ನಾನು ಮನಸ್ಸಿನಲ್ಲಿ ಡೊರೀನ್ ಬಾಯಿ ಎಂದು ಕರೆಯುತ್ತಿದ್ದೆ. ಬಾಯಿಯವರ ಮೇಲಿನ ಸಂಶಯ ಗಟ್ಟಿಯಾದದ್ದು ಒಂದು ಮಧ್ಯಾಹ್ನ. ಅಡುಗೆಮನೆಯ ಕಿಟಕಿ ತೆರೆದಿತ್ತು. ಬೇಲಿಯಾಚೆ ಯಾರೋ ಅಚ್ಚ, ತೊಳೆದಿಟ್ಟಂಥ ಇಂಗ್ಲಿಷಿನಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದರು. ಪ್ರತಿ ಅಕ್ಷರವೂ ನನಗೆ ತಿಳಿಯುತ್ತಿತ್ತು. ಗ್ರಾಂಥಿಕ ಕನ್ನಡದಲ್ಲಿ ಹೇಳುವುದಾದರೆ, ‘ತಮ್ಮ ಸಹಾಯಕ್ಕೆ ನಾನು ಕೃತಜ್ಞಳಾಗಿದ್ದೇನೆ, ದಯವಿಟ್ಟು ತಮ್ಮ ಹೆಸರನ್ನು ತಿಳಿಸುವಿರಾ’ ಎಂಬಂಥ ಮಾತು. ಯಾರೋ ಅಧಿಕಾರಿಣಿ ಬಂದಿರಬೇಕೆಂದು ಇಣುಕಿ ನೋಡಿದರೆ ನಿಂತಿದ್ದವರು ಡೊರೀನ್ ಬಾಯಿಯೇ. ಫೋನು ಇಟ್ಟವರೇ ನನ್ನತ್ತ ತಿರುಗಿ, ಮತ್ತದೇ ಜಲ್ಲಿಕಲ್ಲು ಸುರಿದಂಥ ಧ್ವನಿಯಲ್ಲಿ ಏನೋ ಅಂದರು. ಅದರಲ್ಲಿ ‘ನೆಶ್’ ಎಂಬ ಶಬ್ದವಿತ್ತು, ದೃಷ್ಟಿ ನನ್ನ ಮಂಕಿಟೋಪಿಯ ಮೇಲಿತ್ತು. ಸಿರಿಯನ್ನು ಕೇಳಿದೆ. ನೆಶ್ ಎಂದರೆ ಚಳಿ ತಾಳದವನು, ಎಲ್ಲರಿಗೂ ಹಾಗೆ ಅನ್ನುತ್ತಾರಜ್ಜಾ ಎಂದಳು. ನನಗೆ ಸಮಾಧಾನವಾಗಲಿಲ್ಲ. ತಿಳಿಯುವಂತೆ ಮಾತಾಡಲು ಬರುವ ಮನುಷ್ಯರು, ನನ್ನ ಪಾಲಿಗೆ ಮಾತ್ರ ತಿಳಿಯದ ಮಾತನ್ನೇ ಆರಿಸಿ ಕೊಡುತ್ತಿದ್ದಾರೆ ಎಂದರೆ ಅದಕ್ಕೆ ಏನೆನ್ನಬೇಕು? ಅತಿಥಿಗೆ ಹಳಸಿದ್ದನ್ನು ಬಡಿಸಿದಂತಲ್ಲವೇ?

ಈ ಹೊತ್ತಿನಲ್ಲೇ ಗಿರಿಜೆಯ ಸಂಕಟ ನನಗೆ ತಿಳಿದದ್ದು. ಅವಳದು ಆಸ್ಪತ್ರೆಯಲ್ಲಿ ತಾತ್ಕಾಲಿಕ ಹುದ್ದೆ. ಕನ್ಸಲ್ಟೆಂಟ್ ಎಂದರೆ ವಿಭಾಗದ ಹಿರಿಯ, ಕಾಯಂ ವೈದ್ಯರು. ಆ ಸ್ಥಾನಕ್ಕೆ ಒಮ್ಮೆ ಸಂದರ್ಶನಕ್ಕೆ ಹೋಗಿ ಹಿಂದಿರುಗಿದ್ದಳು. ಮತ್ತೆ ಕರೆ ಬಂದಿತ್ತು. ಈ ಸಲವೂ ಆಗದಿದ್ದರೆ ಬೇಸಿಗೆಗೆ ಕೆಲಸ ಮುಗಿಯುತ್ತದೆ. ಮನೆ ಬಿಟ್ಟು, ಸಿರಿಯ ಶಾಲೆ ಬಿಡಿಸಿ, ಕೆಲಸ ಸಿಕ್ಕ ಇನ್ನಾವುದೋ ಊರಿಗೆ ಗಂಟು ಕಟ್ಟಬೇಕು. ಹಿಂದಿನ ಸಲ ಯಾಕೆ ಆಗಲಿಲ್ಲ ಎಂದು ಊಟದ ಹೊತ್ತಿನಲ್ಲಿ ನಾನು ಕೇಳಿದಾಗ ಅವಳು ರೊಟ್ಟಿಯನ್ನು ಮುರಿಯತೊಡಗಿದಳು. ವೀರೇಶರೇ ಹೇಳಿದರು. ಒಬ್ಬ ವೃದ್ಧ ರೋಗಿಗೆ ಇವಳು, ಬೆಳಿಗ್ಗೆ ಒಂದು ಪಿಲ್, ರಾತ್ರಿ ಒಂದು ಪಿಲ್ ಎಂದು ಗುಳಿಗೆಯ ಕ್ರಮ ತಿಳಿಸಿದ್ದಳು. ಆ ಮನುಷ್ಯನಿಗೆ ಅದು ‘ಬಿಲ್’ ಎಂದು ಕೇಳಿಸಿತು. ಚಿಕಿತ್ಸೆಗೆ ಕಾಸು ಕೇಳದ ಆಸ್ಪತ್ರೆಯಲ್ಲಿ ಬೆಳಿಗ್ಗೆ ಒಂದು ಬಿಲ್, ರಾತ್ರಿ ಒಂದು ಬಿಲ್ ಕಳಿಸುತ್ತಾರೆಂದು ಆತ ಹೆದರಿ ಅನ್ನನೀರು ಬಿಟ್ಟು ಮಲಗಿದ. ಮಗ ಬಂದು ಪರದೇಶದ ಡಾಕ್ಟರಮ್ಮ ದುಡ್ಡು ಕೇಳುತ್ತಾಳೆ ಎಂದು ದೂರು ಕೊಟ್ಟ. ದೂರು ಅಲ್ಲಿಗೆ ಬಗೆಹರಿಯಿತು. ಆದರೆ ಸಂದರ್ಶನ ಮಾಡಿದವರು ಅವಳನ್ನು ಬಿಟ್ಟದ್ದಕ್ಕೆ ಕೊಟ್ಟ ಕಾರಣ ‘ಕಮ್ಯುನಿಕೇಷನ್’ ಎಂಬ ಒಂದೇ ಮಾತು.

ಆ ಶಬ್ದ ನನಗೆ ಹಿಡಿಸಲಿಲ್ಲ. ತುಂಬ ಸ್ವಚ್ಛವಾದ ಬಟ್ಟೆಯನ್ನು ಯಾವುದೋ ವಸ್ತುವಿನ ಮೇಲೆ ಹೊದಿಸಿದಂತೆ ಕಂಡಿತು.

‘ಅಂದ್ರ ಏನವಾ?’ ಎಂದೆ. ‘ನಿನ್ನ ಮಾತು ಅವರಿಗೆ ತಿಳಿಯೂದಿಲ್ಲ ಅಂತನೋ, ನೀ ಅವರಿಗೆ ಸೇರೂದಿಲ್ಲ ಅಂತನೋ?’

‘ಅದು ಗೊತ್ತಾಗಿದ್ರ ನಾ ಯಾಕ ದಿನಾ ಕನ್ನಡಿ ಮುಂದ ನಿಂದರತಿದ್ದೆ, ಅಪ್ಪಾ?’

‘ಅವರ ಮುದುಕರು ಗೊಣಗಿದ್ದು ತಿಳೀದಿದ್ರ ನೀ ಮತ್ತ ಮತ್ತ ಕೇಳತಿ. ಅವರ ಮ್ಯಾಲೆ ಯಾರರೆ ದೂರು ಬರೀತಾರೇನು?’

‘ಮಾವಾರ,’ ಎಂದು ವೀರೇಶರು ನಡುವೆ ಬಂದರು, ‘ನೀವು ಎಲ್ಲಾದರಾಗೂ ಹುಳಾನ ಹುಡುಕತೀರಿ. ಪಿಲ್ ಅನ್ನೂದು ಬಿಟ್ಟು ಟ್ಯಾಬ್ಲೆಟ್ ಅಂದ್ರ ಮುಗೀತು.’

‘ಪಿಲ್ ಬಿಡತೀನಿ,’ ಎಂದಳು ಗಿರಿಜಾ. ‘ಪೇನ್ ಅದ, ಪಲ್ಸ್ ಅದ, ಪೇಷಂಟ್ ಅದ. ಎಷ್ಟಂತ ಬಿಡ್ಲಿ?’

ಉಚ್ಚಾರವನ್ನು ಮೆದುಗೊಳಿಸಲು ಕಲಿಸುವ ಒಬ್ಬ ಶಿಕ್ಷಕಿಯನ್ನು ಅವಳು ಗೊತ್ತುಮಾಡಿಕೊಂಡಿದ್ದಳು. ವಾರಕ್ಕೊಮ್ಮೆ ಕಂಪ್ಯೂಟರಿನ ಪರದೆಯ ಮೇಲೆ ಪಾಠ. ಮಾತು ಗಡಸಾಗಿದೆ ಎಂದು ಮೊದಲು ಒಪ್ಪಿದವರಿಗಲ್ಲವೇ ಮೆದುಗೊಳಿಸುವ ಪಾಠ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಪಾಠದ ಹೊತ್ತಿಗೆ ಪುಸ್ತಕ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂಡುತ್ತಿದ್ದೆ, ಕಣ್ಣು ಹಾಳೆಯ ಮೇಲೆ, ಕಿವಿ ಪರದೆಯ ಮೇಲೆ. ಒಂದು ದಿನ ಆ ಶಿಕ್ಷಕಿ, ತುಟಿಯ ಮುಂದೆ ತೆಳು ಕಾಗದದ ಚೂರನ್ನು ಹಿಡಿದು ಪಿಲ್ ಎನ್ನಿ, ಕಾಗದ ಅಲುಗಬೇಕು ಎಂದರು. ಗಿರಿಜೆಯ ಕಾಗದ ಅಲುಗಲಿಲ್ಲ. ಶಿಕ್ಷಕಿ ಅಂದು ತೋರಿಸಿದರು, ಅವರ ಕಾಗದ ಹಾರಾಡಿತು.

ನನ್ನ ಕೈಯಲ್ಲಿದ್ದ ಪುಸ್ತಕ ಕೆಳಗಿಳಿಯಿತು. ಇದು ನಮ್ಮ ಪಾಠಶಾಲೆಯ ಮೊದಲ ತಿಂಗಳ ಪಾಠ. ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, ಪ ಎಂದಾಗ ಗಾಳಿ ತಟ್ಟಬಾರದು, ಫ ಎಂದಾಗ ತಟ್ಟಬೇಕು, ಫಲ ಎಂಬಲ್ಲಿಯ ಫ, ತುಟಿ ಕಚ್ಚುವ ಈಗಿನವರ ಫ ಅಲ್ಲ ಎಂದು ಮಕ್ಕಳಿಗೆ ಕಲಿಸುತ್ತಿದ್ದದ್ದು ಇದನ್ನೇ. ಅಲ್ಪಪ್ರಾಣ, ಮಹಾಪ್ರಾಣ. ಈ ಜನ ಪಕಾರವನ್ನು ಬರೆದು, ಶಬ್ದದ ಆದಿಯಲ್ಲಿ ಮಹಾಪ್ರಾಣವನ್ನು ಉಚ್ಚರಿಸುತ್ತಾರೆ. ಉಸಿರಿಲ್ಲದ ಶುದ್ಧ ಪಕಾರ ಕಿವಿಗೆ ಬಿದ್ದರೆ ಇವರಿಗೆ ಅದು ಬಕಾರವಾಗಿ ಕೇಳುತ್ತದೆ. ಭೂಮಂಡಲದ ಅರ್ಧವನ್ನು ಆಳಿದವರು ಇದೊಂದನ್ನು ತಮ್ಮ ಅಕ್ಷರಮಾಲೆಯಲ್ಲಿ ಎಲ್ಲಿಯೂ ಕಾಣಿಸಲಿಲ್ಲ. ಬಚ್ಚಿಟ್ಟ ಉಸಿರನ್ನು ಇಟ್ಟುಕೊಂಡು, ಅದನ್ನು ಹುಡುಕಲಾರದವರಿಗೆ ಕಮ್ಯುನಿಕೇಷನ್ ಇಲ್ಲ ಎನ್ನುತ್ತಾರೆ. ನನ್ನ ಮಗಳು ತಪ್ಪು ಉಚ್ಚರಿಸಿರಲಿಲ್ಲ. ನಾನೇ ಕಲಿಸಿದಂತೆ, ಬರೆದ ಅಕ್ಷರವನ್ನು ಬರೆದಂತೆಯೇ ಅಂದಿದ್ದಳು.

ಅಂದಿನಿಂದ ಸಂಜೆಯ ಹೊತ್ತು ನಡುಮನೆಯಲ್ಲಿ ನಾನೇ ಗುರುವಾದೆ. ಗೋಡೆಗೆ ಒರಗಿ ಕುಳಿತು, ಅಂಗೈ ಹಿಡಿದು, ಪಿಲ್ ಪಿಲ್ ಪಿಲ್ ಎಂದು ಮಗಳು ಜಪಿಸುತ್ತಿದ್ದಳು. ದಿನಗಳು ಹೀಗೆ ಹೋದವು. ಒಂದು ಶನಿವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಡೊರೀನ್ ಬಾಯಿ. ಗಂಟೆಯ ದೂರು ಬಂತು ಎಂದು ನಾನು ಗಟ್ಟಿಯಾಗಿ ನಿಂತೆ. ಆಕೆ ನನ್ನನ್ನು ದಾಟಿ ಗಿರಿಜೆಯ ಹತ್ತಿರ ಹೋಗಿ ತಗ್ಗಿದ ಧ್ವನಿಯಲ್ಲಿ ಮಾತು ಶುರುಮಾಡಿದರು. ಅವರ ಮನೆಮಾತನ್ನು ನಾನು ಇಲ್ಲಿ ನನ್ನ ಮನೆಮಾತಿನಲ್ಲೇ ಬರೆಯುತ್ತೇನೆ. ಗ್ರಾಂಥಿಕದಲ್ಲಿ ಬರೆದರೆ ಸುಳ್ಳಾಗುತ್ತದೆ.

‘ತಪ್ಪ ತಿಳೀಬ್ಯಾಡವಾ. ಗ್ವಾಡಿ ತೆಳ್ಳಗೈತಿ, ಎಲ್ಲಾ ಕೇಳತೈತಿ. ದಿನಾ ಸಂಜಿಕೆ ಬಿಲ್ಲು ಬಿಲ್ಲು ಬಿಲ್ಲು ಅಂತ ಸಂಕಟಾ ಪಡಾಕತ್ತೀರಿ. ಗ್ಯಾಸಿನ ಬಿಲ್ ಕಟ್ಟಾಕ ತ್ರಾಸ ಆಗೇತೇನು? ನಾಚಬ್ಯಾಡ್ರಿ. ಕೌನ್ಸಿಲಿನಾಗ ನನಗ ಗುರ್ತಿನಾಕಿ ಒಬ್ಬಾಕಿ ಅದಾಳ, ಫೋನ್ ಹಚ್ಚತೀನಿ.’

ಗಿರಿಜಾ ನನ್ನ ಮುಖ ನೋಡಿದಳು. ಆಮೇಲೆ ನಗತೊಡಗಿದಳು. ನಗು ನಗುತ್ತಲೇ ಅದು ಅಳುವಾಯಿತು. ಡೊರೀನ್ ಬಾಯಿ ಗಾಬರಿಯಾಗಿ ಅವಳ ಬೆನ್ನು ಸವರುತ್ತ, ಎಷ್ಟು ಬಾಕಿ ಉಳಿದಿದೆಯೋ ಎಂಬ ಮುಖ ಮಾಡಿ ನನ್ನ ಕಡೆ ನೋಡಿದರು. ಸಿರಿ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು.

ನನಗೆ ಆ ಮಧ್ಯಾಹ್ನ ಎರಡು ರೀತಿಯಲ್ಲಿ ಇಕ್ಕಟ್ಟಾಯಿತು. ದೂರು ಕೊಟ್ಟ ಆ ರೋಗಿಯ ಮಗ ಮತ್ಸರದಿಂದ ಮಾಡಿದನೆಂದು ನಾನು ನಂಬಿದ್ದೆ. ಈಗ ಹಿತ ಬಯಸಿ ಬಂದ ನೆರೆಯವರ ಕಿವಿಗೂ ಬಿಲ್ ಎಂದೇ ಬಿದ್ದಿತ್ತು. ಹಾಗಾದರೆ ಕೇಳಿಸಿದ್ದು ನಿಜ. ಆದರೆ ಅದೇ ಬಿಲ್ ಒಬ್ಬರನ್ನು ದೂರಿನ ಕಡೆಗೆ, ಇನ್ನೊಬ್ಬರನ್ನು ನಮ್ಮ ಬಾಗಿಲಿನ ಕಡೆಗೆ ನಡೆಸಿತಲ್ಲ. ಅದು ಕಿವಿಯ ಕೆಲಸವಲ್ಲ. ನನ್ನ ಸಂಶಯ ಸುಳ್ಳಾಗಲಿಲ್ಲ, ತನ್ನ ಜಾಗವನ್ನಷ್ಟೇ ಬದಲಿಸಿತು.

ಬಾಯಿಯವರು ಪರೀಕ್ಷಕರಾಗಿ ನಿಂತದ್ದು ಹೀಗೆ. ಗಿರಿಜೆಗೆ ಕೆಲಸವಿಲ್ಲದ ದಿನ ಬಂದು, ಹಾಲು ಹಾಕಿದ ಚಹಾದ ಬಟ್ಟಲು ಹಿಡಿದು, ನಮಗೆ ಬೆನ್ನು ಮಾಡಿ ಕೂಡುತ್ತಿದ್ದರು. ಗಿರಿಜಾ ಅಂದ ಶಬ್ದ ತಮಗೆ ಏನಾಗಿ ಕೇಳಿತೆಂದು ಹೇಳುವುದಷ್ಟೇ ಅವರ ಕೆಲಸ. ಬಿಲ್, ಬೇನ್, ಬಿಲ್, ಬಲ್ಸ್ ಎಂದು ನಿರ್ದಾಕ್ಷಿಣ್ಯವಾಗಿ ಹೇಳುತ್ತಿದ್ದರು. ಒಮ್ಮೆ ನನ್ನನ್ನೂ ಅನ್ನಲು ಹಚ್ಚಿದರು. ನಾಭಿಯಿಂದ ಉಸಿರೆತ್ತಿ ಶಾಸ್ತ್ರೋಕ್ತವಾಗಿ ಮಹಾಪ್ರಾಣವನ್ನು ಬಿಟ್ಟೆ.

‘ಪಿಲ್,’ ಎಂದರು ತಿರುಗದೆಯೇ. ‘ಅಜ್ಜಗ ಬರತೈತಿ. ಅಜ್ಜನ್ನ ಕಳಸ್ರಿ ಇಂಟರ್‌ವ್ಯೂಕ್ಕ.’

ವೀರೇಶರು ಈ ಮಾತನ್ನು ಇಂದಿಗೂ ಬಿಟ್ಟಿಲ್ಲ.

ಅಂಥ ಒಂದು ದಿನ ನಾನು ಬಹಳ ಕಾಲದಿಂದ ಒಳಗಿಟ್ಟುಕೊಂಡದ್ದನ್ನು ಕೇಳಿಯೇಬಿಟ್ಟೆ. ನೀವು ಫೋನಿನಲ್ಲಿ ಬೇರೊಂದು ದನಿಯಲ್ಲಿ ಮಾತಾಡುತ್ತೀರಿ, ಅದು ನನಗೆ ಚೆನ್ನಾಗಿ ತಿಳಿಯುತ್ತದೆ, ನನ್ನೊಡನೆ ಯಾಕೆ ಅದನ್ನು ಆಡುವುದಿಲ್ಲ? ಬಾಯಿಯವರು ಚಹಾದ ಬಟ್ಟಲನ್ನು ಮೊಳಕಾಲಿನ ಮೇಲೆ ಇಟ್ಟುಕೊಂಡರು. ಅವರು ಹದಿಹರೆಯದಲ್ಲಿ ಈ ಊರಿನ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಫೋನಿನ ಕರೆಗಳನ್ನು ಜೋಡಿಸಿಕೊಡುವ ಕೆಲಸಕ್ಕೆ ಸೇರಿದ್ದರಂತೆ. ನಿನ್ನ ನಾಲಗೆಯನ್ನು ಗೇಟಿನ ಹೊರಗೆ ಬಿಟ್ಟು ಬಾ ಎಂದು ಮೇಲಿನಾಕೆ ಮೊದಲ ದಿನವೇ ಹೇಳಿದಳಂತೆ. ಕಲಿತರು. ಕಲಿತದ್ದನ್ನು ಮರೆತು ಮನೆಯಲ್ಲಿ ಆಡಿದರೆ ತಮ್ಮಂದಿರು ರಾಣಿಯವರು ಬಂದರು ಎಂದು ನಮಸ್ಕರಿಸಿ ಕಾಡುತ್ತಿದ್ದರಂತೆ. ಒಂದು ದಿನ ಕಾರ್ಖಾನೆಗೆ ಬಂದ ಕರೆಯಲ್ಲಿ ಅವರ ತಾಯಿಯೇ ಇದ್ದರು.

‘ನಮ್ಮ ಡೊರೀನ್ ಅದಾಳೇನ್ರೀ ಅಂತ ನನ್ನ ಕೇಳಿದಳು ನಮ್ಮವ್ವ,’ ಎಂದರು ಬಾಯಿ. ‘ನನ್ನ ದನಿ ನಮ್ಮವ್ವಗ ಗುರ್ತ ಹತ್ತಲಿಲ್ಲ. ಮ್ಯಾಲಿನಾಕಿ ಹಿಂದಽ ನಿಂತಿದ್ಲು. ದಯವಿಟ್ಟು ನಿರೀಕ್ಷಿಸಿ ಅಂದೆ. ಹಡದವ್ವಗ. ಒಂದೆರಡು ಉಸಿರು ಬಿಟ್ಟು, ಆಮ್ಯಾಲೆ ಅದಽ ಗಂಟಲಿನಿಂದ, ಹೇಳಬೇ ಅವ್ವಾ, ಅಂದೆ.’

ಗಿರಿಜಾ ಕೈಯಲ್ಲಿದ್ದ ಕಾಗದದ ಚೂರನ್ನು ಮಡಚುತ್ತ ಕುಳಿತಿದ್ದಳು.

‘ಆ ದನಿ ಕೌನ್ಸಿಲಿನವರಿಗೆ, ಬ್ಯಾಂಕಿನವರಿಗೆ,’ ಎಂದು ಬಾಯಿ ನನ್ನ ಕಡೆ ತಿರುಗಿದರು. ‘ನೀ ಏನ ಕೌನ್ಸಿಲಿನಾವನಾ? ಬಾಜೂ ಮನ್ಯಾಂವ.’

ಹಾಗಿದ್ದರೆ ಮೊದಲ ದಿನ ನನ್ನ ಬಣ್ಣದ ಕುರಿತು, ನನ್ನ ತಾಯಿಯ ಕುರಿತು ಅಂದದ್ದೇನು ಎಂದು ಕೇಳಲು ಆಗ ಧೈರ್ಯ ಬಂತು. ಸಿರಿಯ ಮುಖೇನ ಆ ವಾಕ್ಯವನ್ನು ನೆನಪಿಸಿದೆ. ಬಾಯಿಯವರು ಬಟ್ಟಲಿನ ಚಹಾ ಚೆಲ್ಲುವಷ್ಟು ನಕ್ಕರು. ಬಿಲ್ಲನ ತಾಯಿಯ ಮನೆಯ ಮೇಲೆ ಕಪ್ಪಾಗಿದೆ ಎಂದರೆ ದೂರದಲ್ಲಿ ಮೋಡ ಕವಿದಿದೆ, ಇನ್ನೇನು ಮಳೆ ಬರುತ್ತದೆ ಎಂದರ್ಥ. ಆ ಬಿಲ್ ಎಂಬಾತ ಯಾರು, ಅವನ ತಾಯಿಯ ಮನೆ ಎಲ್ಲಿ ಎಂದು ಈ ಸೀಮೆಯಲ್ಲಿ ಯಾರಿಗೂ ತಿಳಿಯದು, ಎಲ್ಲರೂ ಹಾಗೆ ಅನ್ನುತ್ತಾರೆ ಅಷ್ಟೆ.

‘ಧೋತರಾ ಒಣಾಹಾಕಾಕತ್ತಿದ್ದಿ. ತೊಯ್ತೈತಿ, ತಗೋ ಅಂತ ಹೇಳಿದ್ನೋ ಮಾರಾಯಾ. ನೀ ನನ್ನ ನೋಡಿ ಹಾವ ಕಂಡಾಂವನಂಗ ಒಳಗ ಓಡಿದಿ.’

ಸಂದರ್ಶನದ ಮುಂಜಾನೆ ನಾನು ಸ್ವಲ್ಪ ಬೇಗನೆ ಪೂಜೆಗೆ ಕುಳಿತೆ. ಗಂಟೆಯ ನಾಲಗೆಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿದ್ದೆ. ಆ ಹೊತ್ತಿಗಾಗಲೇ ಬಾಯಿಯವರು, ದಿನಾ ಅದನ್ನು ಕೇಳಿ ತಾವು ನೀರು ಕಾಯಿಸಲು ಇಡುವುದಾಗಿ ಹೇಳಿದ್ದರು. ಗಿರಿಜಾ ಬಂದು ನಮಸ್ಕರಿಸಿದಳು. ಎಂದಿನಂತೆ ಹಣೆಗೆ ವಿಭೂತಿ ಹಚ್ಚಲು ಹೋದೆ. ಅವಳು ಒಂದು ಕ್ಷಣ ಹಿಂದೆ ಸರಿದು, ಆಮೇಲೆ ತಾನೇ ಬೆರಳಲ್ಲಿ ತೆಗೆದುಕೊಂಡು ಕೊರಳ ಕೆಳಗೆ, ಬಟ್ಟೆಯ ಮರೆಯಲ್ಲಿ ಹಚ್ಚಿಕೊಂಡಳು. ಮಾತನ್ನಷ್ಟೇ ಗೇಟಿನ ಹೊರಗೆ ಬಿಟ್ಟು ಹೋಗುವುದಲ್ಲ ಎಂದು ನನಗೆ ಅರಿವಾಯಿತು. ದೇವರು ಮರೆಯಲ್ಲಿಯೂ ಇರುತ್ತಾನೆ. ಆದರೆ ಮರೆ ಮಾಡಿಸುವವರ ಮೇಲೆ ನನಗಿರುವ ಸಂಶಯ ಅಂದು ಕಡಿಮೆಯಾಗಲಿಲ್ಲ.

ಸಾಯಂಕಾಲ ಅವಳು ಮನೆಗೆ ಬಂದಾಗ ಬಾಯಿಯವರೂ ನಮ್ಮ ನಡುಮನೆಯಲ್ಲಿ ಕುಳಿತಿದ್ದರು. ಹುದ್ದೆ ಸಿಕ್ಕಿತ್ತು. ವೀರೇಶರು ಬಾಗಿಲಲ್ಲೇ ಅವಳ ಕೈ ಹಿಡಿದುಕೊಂಡರು, ಸಿರಿ ಮಂಚದ ಮೇಲೆ ಹತ್ತಿ ಕುಣಿದಳು. ನಾನು ಸಂತೋಷಪಟ್ಟೆ, ಶಿವನನ್ನು ಸ್ಮರಿಸಿದೆ. ಎಲ್ಲವೂ ಶಾಂತವಾದ ಮೇಲೆ ಮಗಳನ್ನು ಕೇಳಿದೆ:

‘ಯಾವ ದನೀಲೆ ಮಾತಾಡಿದಿ?’

ಅವಳು ಬೂಟು ಬಿಚ್ಚುತ್ತ ಕುಳಿತಿದ್ದಳು. ‘ಶುರುವಾದಾಗ ಎಲ್ಲಾ ನೆನಪಿತ್ತು, ಅಪ್ಪಾ. ನಡುವ ಒಬ್ಬ ಅಜ್ಜಿಯ ಕೇಸ್ ಬಗ್ಗೆ ಕೇಳಿದ್ರು. ಆಕೀ ಬಗ್ಗೆ ಹೇಳ್ಕೋತ ಹೇಳ್ಕೋತ ಮೈ ಮರತೆ. ಮಹಾಪ್ರಾಣ ಎಲ್ಲಾ ಹಾರಿಹೋತು. ನನ್ನ ಮೊದಲಿನ ಮಾತಽ ಬಂತು.’

‘ಆಮ್ಯಾಲೆ?’

‘ಕಮ್ಯುನಿಕೇಷನ್ ಭಾಳ ಚಲೋ ಅದ ಅಂದ್ರು.’

ನಾನು ಈ ಉತ್ತರವನ್ನು ಎಷ್ಟೋ ಸಲ ತಿರುವಿ ನೋಡಿದ್ದೇನೆ. ಕಲಿತ ಉಸಿರು ಅವರಿಗೆ ಕೇಳಿಸಿತೋ, ಮೊದಲಿನ ಮಾತೇ ಈ ಸಲ ತಿಳಿಯಿತೋ, ಈ ಸಲ ತಿಳಿದುಕೊಳ್ಳಬೇಕೆಂದು ಅವರು ಮನಸ್ಸು ಮಾಡಿಕೊಂಡೇ ಬಂದಿದ್ದರೋ, ಇದನ್ನು ಮಗಳೂ ಅರಿಯಳು, ನಾನೂ ಅರಿಯೆ. ಬಾಯಿಯವರು ಮಾತ್ರ, ಅವರೂ ಕಿವಿ ತೊಳಕೊಂಡು ಬಂದಿರಬೇಕು ಎಂದು ಹೇಳಿ ಚಹಾ ಕುಡಿದು ಎದ್ದುಹೋದರು. ಹುದ್ದೆ ಸಿಕ್ಕಿದ ಮೇಲೆ ಈ ಪ್ರಶ್ನೆಯೇಕೆ ಎಂದು ವೀರೇಶರು ನನ್ನನ್ನು ಹಂಗಿಸುತ್ತಾರೆ. ನಾನು ಹುಳವನ್ನು ಹುಡುಕುವವನೇ. ಬಾಗಿಲು ತೆರೆದದ್ದು ಯಾವ ಕೈಯೆಂದು ತಿಳಿಯದೆ ಒಳಗೆ ಹೋದವರು, ಅದು ಮತ್ತೆ ಯಾವಾಗ ಮುಚ್ಚುತ್ತದೆಂದೂ ತಿಳಿಯಲಾರರು.

ಗಿರಿಜಾ ಈಗ ಉಚ್ಚಾರದ ಪಾಠ ಬಿಟ್ಟಿದ್ದಾಳೆ. ಈ ಊರಿನಲ್ಲೇ ಇರುವುದು ಖಚಿತವಾದದ್ದರಿಂದ ಹಿತ್ತಿಲಿಗೊಂದು ಗಟ್ಟಿ ತಂತಿ ಬಂದಿದೆ. ನಾನು ಧೋತರ ಹರವುವ ಮೊದಲು ಗುಡ್ಡದ ಕಡೆ ನೋಡಿ ಬಿಲ್ಲನ ತಾಯಿಯ ಕ್ಷೇಮ ವಿಚಾರಿಸುತ್ತೇನೆ. ಮೊನ್ನೆ ಗದಗಿನಿಂದ ತಮ್ಮ ಫೋನು ಮಾಡಿದಾಗ, ಇಲ್ಲಿ ಬಿಲ್ಲನ ಅವ್ವನ ಮನಿ ಮ್ಯಾಲೆ ಕಪ್ಪಾಗೇದ ಎಂದುಬಿಟ್ಟೆ. ಅವನು, ಅಣ್ಣಾ, ಆರಾಮ ಅದೀಯಿಲ್ಲೋ, ಎಂದು ಕೇಳಿದ.

ಆ ಮಾತನ್ನು ನಕ್ಕು ಬಿಟ್ಟಿದ್ದೆ. ಇಂದು ಬೆಳಿಗ್ಗೆ ಪೂಜೆಗೆ ಕುಳಿತಾಗ ಮತ್ತೆ ನೆನಪಾಗಿ, ನನ್ನ ನಾಲಗೆಯೂ ಬದಲಾಯಿತೇನೋ ಎನಿಸಿತು. ತಿಂಗಳುಗಟ್ಟಲೆ ಮಗಳ ಮುಂದೆ ಕುಳಿತು ಪಕಾರಕ್ಕೆ ಉಸಿರು ತುಂಬಿ ತೋರಿಸಿದವನು ನಾನೇ ಅಲ್ಲವೇ. ಮುಂದಿದ್ದ ದೀಪದ ಕಡೆ ನೋಡುತ್ತ ‘ಪರಶಿವ’ ಎಂದೆ. ಪಾಠಶಾಲೆಯ ಮೊದಲ ದಿನದಿಂದ ಈ ನಾಮಕ್ಕೆ ಅಲುಗದ ಕುಡಿ ಸ್ವಲ್ಪ ಹಿಂದಕ್ಕೆ ಬಾಗಿ, ಮತ್ತೆ ನೆಟ್ಟಗಾಯಿತು. ಗಾಳಿಯಿರಬಹುದೆಂದು ಕಿಟಕಿ ನೋಡಿದೆ, ಮುಚ್ಚಿತ್ತು. ಇನ್ನೊಮ್ಮೆ ಅಂದೆ. ಇನ್ನೊಮ್ಮೆ ಬಾಗಿತು.

ದೀಪವನ್ನು ದೂರ ಸರಿಸಲು ಕೈ ಚಾಚಿದವನು ಹಾಗೆಯೇ ಬಿಟ್ಟೆ. ತುಟಿಗಳನ್ನು ಬಿಗಿಹಿಡಿದು, ಎದೆಯ ಉಸಿರನ್ನು ತಡೆದು, ಹೊಸದಾಗಿ ಕಲಿಯುವ ವಿದ್ಯಾರ್ಥಿಯಂತೆ ಆ ಅಕ್ಷರವನ್ನು ಮೆಲ್ಲಗೆ ಅನ್ನುತ್ತ ಹೋದೆ. ಗೋಡೆಯ ಆಚೆ ಡೊರೀನ್ ಬಾಯಿ ನೀರು ಕಾಯಿಸಲು ಇಟ್ಟ ಸದ್ದು ಕೇಳಿತು. ಗಂಟೆಯನ್ನು ನಾನು ಇನ್ನೂ ಬಾರಿಸಿರಲಿಲ್ಲ, ಆ ಅಕ್ಷರವೇ ತೆಳುಗೋಡೆಯ ಆಚೆ ಕೇಳಿಸಿರಬೇಕು.